ಸಿಮೆಂಟಿಗೆ ಕಸದ ಬೂದಿ ಬೆರೆಸಬಹುದೇ?

ನಿಮ್ಮ ಬೀದಿಯಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿದ್ದರೆ ಅಲ್ಲಿ ಬಿದ್ದಿರುವ ಖಾಲಿ ಸಿಮೆಂಟ್ ಚೀಲವೊಂದನ್ನು ಎತ್ತಿ ಓದಿ ನೋಡಿ. ಕಂಪನಿಯ ಹೆಸರು, ತೂಕ 50 ಕೆ.ಜಿ., ತಯಾರಾದ ವಾರ ಮತ್ತು ವರ್ಷ, ಐಎಸ್‌ಐ ಗುರುತು ಇರುತ್ತವೆ. ಇವುಗಳ ಜೊತೆ ಬಹಳಷ್ಟು ಚೀಲಗಳ ಮೇಲೆ ‘ಪಿಪಿಸಿ’ ಎಂದೂ ಇರುತ್ತದೆ. ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್ ಎಂಬುದರ ಚಿಕ್ಕ ಹೆಸರು ಅದು. ಹತ್ತಿರದಲ್ಲೇ ಸಣ್ಣ ಅಕ್ಷರದಲ್ಲಿ ಹಾರುಬೂದಿ ಶೇಕಡಾ ಎಷ್ಟು ಎಂದು ಬರೆದಿರುತ್ತಾರೆ. ಐಎಸ್ 1489 ಎಂಬ ಭಾರತೀಯ ಮಾನಕದ ಪ್ರಕಾರ ಅದು ಶೇ. 15ಕ್ಕಿಂತ ಕಡಿಮೆ ಇರಬಾರದು, ಶೇ. 35ನ್ನು ದಾಟಬಾರದು. ಹಾಗಾದರೆ ಒಂದು ಚೀಲದಲ್ಲಿ 7.5 ಕೆ.ಜಿ.ಯಿಂದ 17.5 ಕೆ.ಜಿ.ವರೆಗೆ ಬೂದಿಯೇ ಇದೆ!

ಹಾಲಿಗೆ ನೀರು ಬೆರೆಸಿದ ಹಾಗೆ ಇದೂ ಒಂದು ಕಲಬೆರಕೆ ಎಂದು ನನಗೆ ಮೊದಲು ಅನಿಸಿತ್ತು. ಆದರೆ ಕಲಬೆರಕೆ ಮಾಡುವವರು ಬೆರೆಸಿದ್ದನ್ನು ಚೀಲದ ಮೇಲೆ ಬರೆಯುವುದಿಲ್ಲ. ಇಲ್ಲಿ ಬರೆದಿದ್ದಾರೆ, ಸರ್ಕಾರಿ ಮಾನಕವೂ ಇದೆ. ಹಾಗಿದ್ದರೆ ಬೂದಿ ಅಲ್ಲಿ ಏನೋ ಕೆಲಸ ಮಾಡುತ್ತಿರಬೇಕು. ಆ ಕೆಲಸ ಯಾವುದು, ಅದನ್ನು ಎಲ್ಲ ಬೂದಿಯೂ ಮಾಡುತ್ತದೆಯೇ, ಅದರಲ್ಲೂ ಕಸ ಸುಟ್ಟ ಬೂದಿ ಮಾಡುತ್ತದೆಯೇ ಎಂಬುದು ಈ ಲೇಖನದ ವಿಷಯ.

ಕಾಮರ್ಸ್ ವಿದ್ಯಾರ್ಥಿಗೆ ಇದು ಯಾಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳಬಹುದು. ಕಾರಣ ಇದೆ. ಗುಂಡ್ಲುಪೇಟೆಯಲ್ಲಿರುವ ನಮ್ಮ ಮಾಮು ಗಾರೆ ಕೆಲಸದ ಮೇಸ್ತ್ರಿ. ಕಳೆದ ಬೇಸಿಗೆಯಲ್ಲಿ ಟೆಂಪೋದವರೊಬ್ಬರು ಅವರ ಹತ್ತಿರ ಬಂದು, ಕಸ ಸುಡುವ ಕಡೆಯಿಂದ ತಂದ ಬೂದಿ ಇದೆ, ಜರಡಿ ಹಿಡಿದು ಕೊಡುತ್ತೇನೆ, ಐದು ಬಾಂಡ್ಲಿ ಸಿಮೆಂಟ್ ಹಾಕುವ ಕಡೆ ನಾಲ್ಕು ಹಾಕಿ ಒಂದು ಬಾಂಡ್ಲಿ ಇದನ್ನು ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ ಎಂದರಂತೆ. ಮಾಮು ಮನೆಗೆ ಬಂದಾಗ ನನ್ನನ್ನು ಕರೆದು, “ಬೇಟಾ, ನೀನು ಲೆಕ್ಕ ಓದುತ್ತೀಯಲ್ಲ, ಇದರಲ್ಲಿ ಲಾಭವಾ ನಷ್ಟವಾ ಹೇಳು” ಎಂದರು. ಅವರಿಗೆ ಬೇಕಾಗಿದ್ದದ್ದು ಒಂದು ಪದದ ಉತ್ತರ. ನನಗೆ ಅದನ್ನು ಹುಡುಕಲು ಎರಡು ತಿಂಗಳಾಯಿತು. ಲೆಕ್ಕ ಬರೆಯುವ ಮೊದಲು ಗಾರೆ ಗಟ್ಟಿಯಾಗುವುದು ಹೇಗೆ ಎಂದು ತಿಳಿಯಬೇಕಾಯಿತು.

ಸಿಮೆಂಟ್ ಅಂದರೆ ಮುಖ್ಯವಾಗಿ ಸುಣ್ಣದ ಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಮಾಡಿದ ಗಟ್ಟಿ ಉಂಡೆಗಳ ಪುಡಿ. ಆ ಉಂಡೆಗೆ ಕ್ಲಿಂಕರ್ ಎನ್ನುತ್ತಾರೆ. ಇದಕ್ಕೆ ಸ್ವಲ್ಪ ಜಿಪ್ಸಂ ಸೇರಿಸಿ ಅರೆಯುತ್ತಾರೆ. ಸುಣ್ಣದ ಕಲ್ಲು ಸುಟ್ಟಾಗ 100 ಕೆ.ಜಿ.ಯಲ್ಲಿ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, 56 ಕೆ.ಜಿ. ಸುಣ್ಣ ಉಳಿಯುತ್ತದೆ. ಹತ್ತನೇ ತರಗತಿಯ ಸಮೀಕರಣ ಇದು. ಹೀಗಾಗಿ ಒಂದು ಟನ್ ಕ್ಲಿಂಕರ್ ಮಾಡುವಾಗ ಬರೀ ಕಲ್ಲಿನಿಂದಲೇ ಸುಮಾರು ಅರ್ಧ ಟನ್ ಡೈಆಕ್ಸೈಡ್ ಹೊರಬರುತ್ತದೆ. ಕುಲುಮೆಗೆ ಹಾಕಿದ ಕಲ್ಲಿದ್ದಲಿನದು ಬೇರೆ. ಕ್ಲಿಂಕರ್ ಎಷ್ಟು ಉಳಿಸಿದರೂ ಒಳ್ಳೆಯದು ಎಂದು ಇಡೀ ಜಗತ್ತು ಹೇಳುವುದು ಇದಕ್ಕಾಗಿ. ನೀವು ಆ ಮಾತನ್ನು ಅನುಮಾನಿಸಬೇಕಾಗಿಲ್ಲ.

ಈಗ ನೀರು ಹಾಕೋಣ. ಸಿಮೆಂಟ್ ನೀರಿನ ಜೊತೆ ಸೇರಿದಾಗ ಎರಡು ವಸ್ತು ಹುಟ್ಟುತ್ತವೆ. ಒಂದು, ಮರಳಿನ ಕಣಗಳನ್ನು ಹಿಡಿದುಕೊಳ್ಳುವ ಅಂಟು. ಗೋಡೆಯ ಬಲವೆಲ್ಲ ಅದರದೇ. ಇನ್ನೊಂದು, ಅರಳಿದ ಸುಣ್ಣ. ಅದು ಗಾರೆಯ ಒಳಗೆ ಸುಮ್ಮನೆ ಕುಳಿತಿರುತ್ತದೆ, ಬಲಕ್ಕೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಮಳೆ ನೀರು ಹರಿದರೆ ಸ್ವಲ್ಪ ಸ್ವಲ್ಪವಾಗಿ ಕರಗಿ ಹೊರಗೂ ಬರುತ್ತದೆ. ಈ ಕೆಲಸವಿಲ್ಲದ ಸುಣ್ಣಕ್ಕೆ ಕೆಲಸ ಕೊಡುವ ಪುಡಿಯೇ ಪೊಜೊಲಾನಾ. ಇಟಲಿಯ ಪೊಜುವೊಲಿ ಎಂಬ ಊರಿನ ಜ್ವಾಲಾಮುಖಿ ಬೂದಿಯಿಂದ ಈ ಹೆಸರು ಬಂತು. ರೋಮನ್ನರು ಅದನ್ನು ಸುಣ್ಣಕ್ಕೆ ಬೆರೆಸಿ ಸಮುದ್ರದ ನೀರಿನಲ್ಲೂ ನಿಲ್ಲುವ ಕಟ್ಟೆ ಕಟ್ಟಿದರು. ಆ ಬೂದಿಯಲ್ಲಿರುವ ಸಿಲಿಕಾ ಸುಣ್ಣದ ಜೊತೆ ನಿಧಾನವಾಗಿ ಕೂಡಿ ಇನ್ನಷ್ಟು ಅಂಟು ಮಾಡುತ್ತದೆ.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ. ಮರಳೂ ಸಿಲಿಕಾವೇ. ಆದರೆ ಮರಳು ಸುಣ್ಣದ ಜೊತೆ ಹೀಗೆ ಕೂಡುವುದಿಲ್ಲ, ಯಾಕೆಂದರೆ ಅದರ ಒಳರಚನೆ ಹರಳಿನಂತೆ ಕ್ರಮವಾಗಿ ಬಿಗಿದುಕೊಂಡಿದೆ. ಜೋರಾಗಿ ಕಾದು ಬೇಗ ತಣ್ಣಗಾದ ಸಿಲಿಕಾ ಗಾಜಿನಂತೆ ಕ್ರಮ ತಪ್ಪಿರುತ್ತದೆ. ಕೆಲಸ ಮಾಡುವುದು ಅದು. ಜೊತೆಗೆ ಅದು ಬಹಳ ನುಣುಪಾಗಿರಬೇಕು. ಹಾಗಾಗಿ ‘ಇದರಲ್ಲಿ ಸಿಲಿಕಾ ಇದೆ’ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೆ ಒಪ್ಪಬಾರದು. ಯಾವ ಸಿಲಿಕಾ, ಎಷ್ಟು ನುಣುಪು ಎಂದು ಕೇಳಬೇಕು.

ನಮ್ಮ ಕಡೆಯವರಿಗೆ ಈ ವಿದ್ಯೆ ಹೊಸದಲ್ಲ. ಸಿಮೆಂಟ್ ಬರುವ ಮೊದಲು ಇಟ್ಟಿಗೆ ಪುಡಿಯನ್ನು ಸುಣ್ಣಕ್ಕೆ ಬೆರೆಸಿ ಅರೆದು ಗಾರೆ ಮಾಡುತ್ತಿದ್ದರು. ಅದಕ್ಕೆ ಸುರ್ಕಿ ಎಂದು ಹೆಸರು. ನಮ್ಮ ಮನೆಯಲ್ಲಿ ಉರ್ದು ಮಾತಾಡುವುದರಿಂದ ಈ ಪದ ಕೇಳಿದ ಕೂಡಲೇ ನನಗೆ ಅರ್ಥ ಹೊಳೆಯಿತು: ಸುರ್ಖ್ ಅಂದರೆ ಕೆಂಪು, ಸುರ್ಖಿ ಅಂದರೆ ಕೆಂಪು ಪುಡಿ. ಕನ್ನಡದ ಗಾರೆಯವರೂ ಉರ್ದುವಿನ ಗಾರೆಯವರೂ ಒಂದೇ ಬಾಂಡ್ಲಿಯಲ್ಲಿ ಕಲಸಿದ ಪದ ಇದು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟನ್ನು ಸುರ್ಕಿ ಗಾರೆಯಲ್ಲೇ ಕಟ್ಟಿದ್ದು. ಜೇಡಿಮಣ್ಣನ್ನು ಹದವಾಗಿ ಸುಟ್ಟಾಗ ಅದರ ಸಿಲಿಕಾ ಮತ್ತು ಅಲ್ಯೂಮಿನಾ ಕ್ರಮ ಕಳೆದುಕೊಂಡು ಸುಣ್ಣಕ್ಕೆ ಒಗ್ಗುತ್ತವೆ. ಅತಿಯಾಗಿ ಸುಟ್ಟು ಕರಿದಾದ ಇಟ್ಟಿಗೆಯಿಂದ ಒಳ್ಳೆಯ ಸುರ್ಕಿ ಬರುವುದಿಲ್ಲ. ಸ್ವಲ್ಪ ಕಡಿಮೆ ಬೆಂದ ಇಟ್ಟಿಗೆಯೇ ಮೇಲು. ಏನನ್ನು ಸುಟ್ಟರು ಎಂಬುದರ ಜೊತೆ ಹೇಗೆ ಸುಟ್ಟರು ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

ಪಿಪಿಸಿಯಲ್ಲಿರುವ ಹಾರುಬೂದಿಯ ಕಥೆಯೂ ಹಾಗೆಯೇ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್‌ನ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ಅಲ್ಲಿ ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು ಉರಿಯೊಳಗೆ ಊದುತ್ತಾರೆ. ಕಲ್ಲಿದ್ದಲಿನಲ್ಲಿದ್ದ ಮಣ್ಣು ಆ ಶಾಖಕ್ಕೆ ಕರಗಿ, ಹೊಗೆಯ ಜೊತೆ ಮೇಲೇರುತ್ತಾ ತಣ್ಣಗಾಗಿ, ಸೂಕ್ಷ್ಮವಾದ ಗಾಜಿನ ಗುಂಡುಗಳಾಗುತ್ತದೆ. ಹೊಗೆಯಿಂದ ಅದನ್ನು ಹಿಡಿದಿಟ್ಟದ್ದೇ ಹಾರುಬೂದಿ. ಇಂದು ಬಂದದ್ದೂ ನಾಳೆ ಬರುವುದೂ ಹೆಚ್ಚುಕಡಿಮೆ ಒಂದೇ ತರಹ, ಯಾಕೆಂದರೆ ಉರಿಸುವುದು ಒಂದೇ ವಸ್ತು. ಅದಕ್ಕೂ ಪರೀಕ್ಷೆ ತಪ್ಪಿದ್ದಲ್ಲ. ಐಎಸ್ 3812 ಮಾನಕದ ಪ್ರಕಾರ ಇಂಥ ಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾ, ಕಬ್ಬಿಣದ ಆಕ್ಸೈಡ್ ಮೂರೂ ಸೇರಿ ಶೇ. 70 ಇರಬೇಕು. ಮತ್ತೆ ಕಾಯಿಸಿದಾಗ ಉರಿದು ಹೋಗುವ ಅಂಶ ಶೇ. 5ನ್ನು ಮೀರಬಾರದು. ಸಿಮೆಂಟ್ ಕಾರ್ಖಾನೆಗಳಿರುವ ವಾಡಿ, ಮಳಖೇಡದ ಸುಣ್ಣದ ಕಲ್ಲಿನ ಸೀಮೆ ಶಕ್ತಿನಗರಕ್ಕೆ ದೂರವಿಲ್ಲ. ಒಬ್ಬರ ಕಸ ಪಕ್ಕದವರ ಕಚ್ಚಾ ಸರಕು. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕಕ್ಕೆ ಹಾಕಬಹುದಾದ ಉದಾಹರಣೆ. 1999ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹಾರುಬೂದಿ ಬಳಕೆಗೆ ಮೊದಲ ಅಧಿಸೂಚನೆ ಹೊರಡಿಸಿತು. ಆಗಿನಿಂದ ಈ ಸಂಬಂಧ ಕಾನೂನಿನಿಂದಲೂ ಗಟ್ಟಿಯಾಯಿತು.

ಈಗ ಕಸದ ಬೂದಿಗೆ ಬರೋಣ.

ಕಸ ಅಂದರೆ ಏನು? ಚಾಮರಾಜನಗರದ ಸಂತೆ ಮುಗಿದ ಸಂಜೆ ಉಳಿಯುವುದನ್ನು ನೋಡಿ. ಬಾಳೆಎಲೆ, ಕೊಳೆತ ಟೊಮೆಟೊ, ಚೆಂಡು ಹೂವು, ಹಾಲಿನ ಕವರ್, ಗುಟ್ಕಾ ಪೊಟ್ಟಣ, ಹರಿದ ಚಪ್ಪಲಿ, ಬಲ್ಬು, ಬ್ಯಾಟರಿ ಸೆಲ್, ಮಾತ್ರೆಯ ಪಟ್ಟಿ, ಒಡೆದ ಗಾಜು, ಮಣ್ಣು. ಇದನ್ನೆಲ್ಲ ಸುಟ್ಟರೆ ಬರುವ ಬೂದಿ ಒಂದು ವಸ್ತುವಿನ ಬೂದಿಯಾಗಿರುವುದಿಲ್ಲ. ಸೋಮವಾರದ ಬೂದಿಗೂ ಹಬ್ಬದ ಮಾರನೇ ದಿನದ ಬೂದಿಗೂ ಸಂಬಂಧ ಇರುವುದಿಲ್ಲ. ದೊಡ್ಡ ದಹನ ಯಂತ್ರದಲ್ಲಿ ಸುಟ್ಟರೆ ಎರಡು ಬಗೆಯ ಬೂದಿ ಬರುತ್ತದೆ. ಕೆಳಗೆ ಬೀಳುವ ತಳಬೂದಿ ಹೆಚ್ಚು. ಹಾಕಿದ ಕಸದ ತೂಕದಲ್ಲಿ ಐದನೇ ಒಂದು ಭಾಗದಷ್ಟಾದರೂ ಹೀಗೆ ಉಳಿಯುತ್ತದೆ. ಹೊಗೆ ಶುದ್ಧ ಮಾಡುವಾಗ ಸಿಕ್ಕುವ ಹಾರುಬೂದಿ ಸ್ವಲ್ಪವೇ, ಆದರೆ ವಿಷವೆಲ್ಲ ಹೆಚ್ಚಾಗಿ ಸೇರಿಕೊಳ್ಳುವುದು ಅದರಲ್ಲಿ. ಹೆಸರು ಒಂದೇ ಆದರೂ ಶಕ್ತಿನಗರದ ಹಾರುಬೂದಿಗೂ ಇದಕ್ಕೂ ಅಜಗಜಾಂತರ. ‘ಇದೂ ಹಾರುಬೂದಿನೇ’ ಎಂದು ಮಾರುವವರಿಗೆ ಈ ಒಂದೇ ಹೆಸರು ಬಹಳ ಅನುಕೂಲ.

ತೊಂದರೆಗಳಲ್ಲಿ ನನಗೆ ಹೆಚ್ಚು ಆಶ್ಚರ್ಯ ತಂದದ್ದು ಅಲ್ಯೂಮಿನಿಯಂನದು. ಮಾತ್ರೆಯ ಪಟ್ಟಿ, ಚಿಪ್ಸ್ ಕವರಿನ ಒಳಗಿನ ಹೊಳಪು, ಫಾಯಿಲ್, ಡಬ್ಬಿ ಇವುಗಳ ಅಲ್ಯೂಮಿನಿಯಂ ಪೂರ್ತಿ ಉರಿಯದೆ ಚೂರುಚೂರಾಗಿ ಬೂದಿಯಲ್ಲಿ ಉಳಿಯುತ್ತದೆ. ಹಸಿ ಸಿಮೆಂಟ್ ತೀಕ್ಷ್ಣವಾದ ಕ್ಷಾರ. ಕ್ಷಾರಕ್ಕೆ ಅಲ್ಯೂಮಿನಿಯಂ ಸಿಕ್ಕಿದರೆ ಹೈಡ್ರೋಜನ್ ಅನಿಲ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಗಾರೆ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ, ಒಣಗಿದ ಮೇಲೆ ಒಳಗೆ ತೂತು, ಹೊರಗೆ ಬಿರುಕು. ತಮಾಷೆಯೆಂದರೆ ಇದೇ ಗುಣವನ್ನು ಬೇಕೆಂದೇ ಬಳಸಿ ಎಎಸಿ ಬ್ಲಾಕ್ ಮಾಡುತ್ತಾರೆ. ಈಗ ನಮ್ಮ ಊರುಗಳಲ್ಲೂ ಕಾಣುವ ಆ ಬಿಳಿ ಹಗುರ ಇಟ್ಟಿಗೆಗಳಲ್ಲಿ ಅಲ್ಯೂಮಿನಿಯಂ ಪುಡಿಯನ್ನು ಅಳತೆ ಮಾಡಿ ಹಾಕಿರುತ್ತಾರೆ. ಅಳತೆಯಿದ್ದರೆ ಬ್ಲಾಕ್, ಅಳತೆಯಿಲ್ಲದಿದ್ದರೆ ಬಿರುಕು.

ಎರಡನೆಯದು ಕ್ಲೋರೈಡ್. ಅಡುಗೆ ಉಪ್ಪು ಒಂದು ಮೂಲ, ಪಿವಿಸಿ ಪ್ಲಾಸ್ಟಿಕ್ ಇನ್ನೊಂದು. ಗಾರೆಯಲ್ಲಿ ಕರಗುವ ಉಪ್ಪು ಹೆಚ್ಚಾದರೆ ಗೋಡೆಯ ಮೇಲೆ ಬಿಳಿ ಉಪ್ಪು ಏಳುತ್ತದೆ, ಬಣ್ಣ ಸಿಪ್ಪೆ ಸಿಪ್ಪೆಯಾಗಿ ಬೀಳುತ್ತದೆ. ಅದೇ ಗಾರೆ ಕಂಬಿಗೆ ತಾಗಿದರೆ ಕಂಬಿ ತುಕ್ಕು ಹಿಡಿದು ಊದಿಕೊಂಡು ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಸತು ಮತ್ತು ಸೀಸ ಬೇರೆ ರೀತಿ ಕಾಡುತ್ತವೆ. ಅವು ಸಿಮೆಂಟ್ ಗಟ್ಟಿಯಾಗುವುದನ್ನೇ ತಡ ಮಾಡುತ್ತವೆ. ಬೆಳಿಗ್ಗೆ ಬಳಿದ ಗಾರೆ ಸಂಜೆಯಾದರೂ ಬೆರಳಿಗೆ ಅಂಟುತ್ತಿದ್ದರೆ ಮೇಸ್ತ್ರಿ ‘ಸಿಮೆಂಟ್ ಹಳೆಯದು’ ಎಂದು ಅಂಗಡಿಯವರನ್ನು ಬೈಯಬಹುದು. ಕಾರಣ ಬೂದಿಯಲ್ಲಿರಬಹುದು.

ಸೀಸ ಮತ್ತು ಕ್ಯಾಡ್ಮಿಯಂ ಗೋಡೆಗಿಂತ ಮನುಷ್ಯರಿಗೆ ಕೆಟ್ಟದ್ದು. ನಮ್ಮ ಮಾಮು ಬೆರಳುಗಳ ಚರ್ಮ ಸಿಮೆಂಟಿಗೇ ಬಿರಿದಿದೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ಸಿಮೆಂಟಿನ ಕ್ಷಾರ ಮತ್ತು ಅದರಲ್ಲಿರುವ ಅಲ್ಪ ಕ್ರೋಮಿಯಂನಿಂದ ಗಾರೆಯವರಿಗೆ ಚರ್ಮರೋಗ ಬರುವುದು ವೈದ್ಯರಿಗೆ ಗೊತ್ತಿರುವ ವಿಷಯ. ಅಂಥ ಬಿರಿದ ಕೈಗೆ ಕಸದ ಬೂದಿ ತಾಗುತ್ತದೆ. ಜರಡಿ ಹಿಡಿಯುವ ಹೆಣ್ಣಾಳುಗಳ ಮೂಗಿಗೆ ಅದೇ ಧೂಳು ಹೋಗುತ್ತದೆ. ಮನೆಯ ಯಜಮಾನರಿಗೆ ಬಿರುಕು ಕಾಣುವ ಮೊದಲೇ ಇವರಿಗೆ ಅದರ ಫಲ ಸಿಕ್ಕಿರುತ್ತದೆ.

ಹಾಗಾದರೆ ಬೇರೆ ದೇಶದವರು ಇದನ್ನು ಬಳಸುವುದೇ ಇಲ್ಲವೇ? ಬಳಸುತ್ತಾರೆ. ನೆದರ್‌ಲ್ಯಾಂಡ್ಸ್ ಮತ್ತು ಡೆನ್ಮಾರ್ಕಿನಲ್ಲಿ ತಳಬೂದಿಯಿಂದ ಕಬ್ಬಿಣ, ಅಲ್ಯೂಮಿನಿಯಂ ತೆಗೆದು, ವಾರಗಟ್ಟಲೆ ಬಯಲಿನಲ್ಲಿ ಹದಕ್ಕೆ ಬಿಟ್ಟು, ಹೆಚ್ಚಾಗಿ ರಸ್ತೆಯ ಕೆಳಪದರಕ್ಕೆ ಹಾಕುತ್ತಾರೆ. ಅಲ್ಲಿ ಅದು ಮಾಡುವುದು ಜಲ್ಲಿಯ ಕೆಲಸ. ತೊಳೆದು, ಲೋಹ ತೆಗೆದು, ನುಣ್ಣಗೆ ಅರೆದ ತಳಬೂದಿಯನ್ನು ಗಾರೆಯಲ್ಲಿ ಸಿಮೆಂಟಿನ ಬದಲು ಸ್ವಲ್ಪ ಪ್ರಮಾಣದಲ್ಲಿ ಹಾಕುವ ಪ್ರಯೋಗಗಳೂ ಪ್ರಯೋಗಾಲಯಗಳಲ್ಲಿ ನಡೆಯುತ್ತಿವೆ. ಆ ತೊಳೆಯುವುದು, ತೆಗೆಯುವುದು, ಅರೆಯುವುದೇ ಮುಖ್ಯ ಖರ್ಚು. ಇನ್ನು ಸಿಂಗಪುರವನ್ನು ನೋಡಿ. ಅಲ್ಲಿ ಜಾಗ ಇಲ್ಲ, ದುಡ್ಡಿದೆ, ಇಂಜಿನಿಯರುಗಳಿದ್ದಾರೆ. ಆದರೂ ಕಸ ಸುಟ್ಟ ಬೂದಿಯನ್ನು 1999ರಿಂದ ಸೆಮಕಾವು ಎಂಬ ದ್ವೀಪದ ಪಕ್ಕದ ಸಮುದ್ರದಲ್ಲಿ ಕಟ್ಟೆ ಕಟ್ಟಿ ಅದರೊಳಗೆ ತುಂಬುತ್ತಿದ್ದಾರೆ. ಬೂದಿಯನ್ನು ಗಾರೆಗೆ ಹಾಕುವುದು ಅಷ್ಟು ಸುಲಭವಾಗಿದ್ದರೆ ಅವರು ಮೊದಲು ಮಾಡಿರುತ್ತಿದ್ದರು.

ನಮ್ಮ ರಾಜ್ಯಕ್ಕೂ ಈ ಪ್ರಶ್ನೆ ಬಂದಿದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ಸಿಗುವ ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಮತ್ತು ಬೆಂಗಳೂರು ಪಾಲಿಕೆ ಸೇರಿ 11.5 ಮೆಗಾವ್ಯಾಟ್‌ನ ಕಸದಿಂದ ವಿದ್ಯುತ್ ಸ್ಥಾವರ ಕಟ್ಟಿವೆ. ಅದರ ಸಾಮರ್ಥ್ಯ ದಿನಕ್ಕೆ 600 ಟನ್ ಕಸ. ಐದನೇ ಒಂದು ಭಾಗ ಎಂದರೂ ಪೂರ್ತಿ ಸಾಮರ್ಥ್ಯದಲ್ಲಿ ಓಡಿದ ದಿನ 120 ಟನ್ ಬೂದಿ. ಅದು ಎಲ್ಲಿಗಾದರೂ ಹೋಗಲೇಬೇಕು. ಇಂಥ ಸ್ಥಾವರದ ಬೂದಿಯನ್ನು ಸರಿಯಾದ ಪರೀಕ್ಷೆ ಮಾಡಿ ಇಟ್ಟಿಗೆಗೋ ರಸ್ತೆಗೋ ಬಳಸುವ ದಾರಿ ಕಂಡುಕೊಳ್ಳುವುದು ಒಳ್ಳೆಯ ಕೆಲಸ. ನಾನು ಅದಕ್ಕೆ ವಿರೋಧ ಬರೆಯುತ್ತಿಲ್ಲ. ನನ್ನ ಪ್ರಶ್ನೆ ಹೆಸರಿಲ್ಲದೆ, ಚೀಟಿಯಿಲ್ಲದೆ ಟೆಂಪೋದಲ್ಲಿ ಬರುವ ಬೂದಿಯದು.

ಅದು ಎಲ್ಲಿಂದ ಬಂದಿರಬಹುದು? ರಸ್ತೆ ಬದಿಯಲ್ಲಿ ಸುಟ್ಟ ಗುಡ್ಡೆಯದಿರಬಹುದು. 2016ರ ಘನತ್ಯಾಜ್ಯ ನಿಯಮಗಳು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿದ ಮೇಲೂ ಸುಡುವುದು ನಿಂತಿಲ್ಲ, ನಾವೆಲ್ಲ ನೋಡುತ್ತೇವೆ. ಗುಂಡ್ಲುಪೇಟೆಗೆ ಇನ್ನೊಂದು ಕಷ್ಟವೂ ಇದೆ. ಕೇರಳದ ಕಡೆಯಿಂದ ಪ್ಲಾಸ್ಟಿಕ್ ಮತ್ತು ಆಸ್ಪತ್ರೆ ತ್ಯಾಜ್ಯ ತುಂಬಿಕೊಂಡು ಬಂದ ಲಾರಿಗಳು ಮೂಲೆಹೊಳೆ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂದಿದೆ. ಅಂಥ ಮಾಲು ಎಲ್ಲಾದರೂ ಸುರಿದು ಸುಟ್ಟರೆ ಉಳಿಯುವುದೂ ಬೂದಿಯೇ. ಆಸ್ಪತ್ರೆ ತ್ಯಾಜ್ಯಕ್ಕೆ ನಿಯಮ ಎಷ್ಟು ಬಿಗಿ ಎಂದರೆ ದಹನ ಯಂತ್ರದ ಮೊದಲ ಕೋಣೆಯಲ್ಲಿ 800 ಡಿಗ್ರಿ, ಎರಡನೆಯದರಲ್ಲಿ 1050 ಡಿಗ್ರಿ ಶಾಖ ಇರಬೇಕು, ಎರಡಕ್ಕೂ 50 ಡಿಗ್ರಿ ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಉಳಿದ ಬೂದಿಯಲ್ಲಿ ವಿಷಲೋಹ ಮಿತಿ ಮೀರಿದ್ದರೆ ಅದು ಅಪಾಯಕಾರಿ ತ್ಯಾಜ್ಯದ ವಿಶೇಷ ಭೂಭರ್ತಿಗೇ ಹೋಗಬೇಕು. ಮಲಗುವ ಕೋಣೆಯ ಗೋಡೆಗಲ್ಲ.

ಇನ್ನು ನನ್ನ ವಿಷಯಕ್ಕೆ, ಲೆಕ್ಕಕ್ಕೆ ಬರುತ್ತೇನೆ. 1000 ಚದರ ಅಡಿ ಗೋಡೆಗೆ 12 ಮಿ.ಮೀ. ದಪ್ಪ, ಒಂದಕ್ಕೆ ಆರರಂತೆ ಪ್ಲಾಸ್ಟರಿಂಗ್ ಮಾಡಲು ಸುಮಾರು ಏಳೂವರೆ ಚೀಲ ಸಿಮೆಂಟ್ ಬೇಕು. ಚೀಲಕ್ಕೆ 400 ರೂಪಾಯಿ ಎಂದು ಹಿಡಿದರೆ 3000 ರೂ. ಐದನೇ ಒಂದು ಭಾಗ ಬೂದಿ ಹಾಕಿದರೆ ಉಳಿಯುವುದು ಒಂದೂವರೆ ಚೀಲ, 600 ರೂ. ಬೂದಿ ಪುಕ್ಕಟೆ ಬಂತು ಎಂದೇ ಇಟ್ಟುಕೊಳ್ಳೋಣ. ಇನ್ನೊಂದು ಕಡೆ, ಆ ಗೋಡೆ ಕೆಟ್ಟರೆ? ಕೂಲಿ ಚದರ ಅಡಿಗೆ 20 ರೂ. ಎಂದು ಹಿಡಿದರೆ 20,000, ಮತ್ತೆ ಸಿಮೆಂಟಿಗೆ 3000, ಮರಳಿಗೆ ಒಂದು ಸಾವಿರ. ಒಟ್ಟು 24,000. ಹಳೆಯದನ್ನು ಕೆತ್ತಿ ತೆಗೆಯುವ ಕೂಲಿ ಇದರಲ್ಲಿ ಸೇರಿಲ್ಲ. 24,000ವನ್ನು 600ರಿಂದ ಭಾಗಿಸಿ. ನಲವತ್ತು ಗೋಡೆಗಳಲ್ಲಿ ಒಂದೇ ಒಂದು ಕೆಟ್ಟರೂ ಉಳಿದ ಮೂವತ್ತೊಂಬತ್ತರ ಲಾಭ ಅದಕ್ಕೇ ಹೋಗುತ್ತದೆ. ನನ್ನ ದರಗಳು ನಿಮ್ಮ ಊರಿಗೆ ಹೊಂದದಿದ್ದರೆ ಬದಲಾಯಿಸಿ ನೋಡಿ, ಉತ್ತರದ ದಿಕ್ಕು ಬದಲಾಗುವುದಿಲ್ಲ. ಅಲ್ಲದೆ 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಸಿಮೆಂಟ್ ಅಗ್ಗವಾದಷ್ಟೂ ಬೂದಿಯ ಲಾಭ ಇನ್ನೂ ಸಣ್ಣದು.

ಅಕೌಂಟೆನ್ಸಿಯಲ್ಲಿ ಸಂಭಾವ್ಯ ಹೊಣೆ ಎಂದು ಓದುತ್ತೇವಲ್ಲ, ಅದು ಆಸ್ತಿ ಹೊಣೆ ಪಟ್ಟಿಯ ಒಳಗೆ ಬರುವುದಿಲ್ಲ, ಕೆಳಗೆ ಟಿಪ್ಪಣಿಯಾಗಿ ಬರುತ್ತದೆ. 600 ರೂಪಾಯಿ ಈ ವಾರವೇ ಕೈಗೆ ಸಿಗುತ್ತದೆ. 24,000 ಎರಡು ಮಳೆಗಾಲ ಕಳೆದ ಮೇಲೆ ಬರುತ್ತದೆ, ಅದೂ ಮನೆಯವರ ತಲೆಗೆ. ಮೇಸ್ತ್ರಿಗೆ ಹಣದ ನಷ್ಟ ಆಗದಿರಬಹುದು. ಆದರೆ ಗುಂಡ್ಲುಪೇಟೆಯಂಥ ಊರಿನಲ್ಲಿ ಮೇಸ್ತ್ರಿಗೆ ಕೆಲಸ ಸಿಗುವುದು ಹಳೆಯ ಗೋಡೆ ನೋಡಿಯೇ. ಆ ಟಿಪ್ಪಣಿಯನ್ನು ಊರೇ ಓದುತ್ತದೆ.

ಮಾಮುಗೆ ನಾನು ಕೊನೆಗೆ ತೋರಿಸಿದ ಲೆಕ್ಕ ಬೇರೆಯೇ. ಅವರು ಬಳಸುವುದು ಪಿಪಿಸಿ. ಅದರಲ್ಲಿ ಶೇ. 30 ಬೂದಿ ಇದೆ ಎಂದು ಚೀಲವೇ ಹೇಳುತ್ತಿತ್ತು. 100 ಕೆ.ಜಿ. ಮಿಶ್ರಣದಲ್ಲಿ 80 ಕೆ.ಜಿ. ಪಿಪಿಸಿ, 20 ಕೆ.ಜಿ. ಕಸದ ಬೂದಿ ಹಾಕಿದರೆ, ಆ 80ರಲ್ಲಿ ಆಗಲೇ 24 ಕೆ.ಜಿ. ಬೂದಿ ಇರುತ್ತದೆ. ಒಟ್ಟು 44 ಕೆ.ಜಿ. ಮಾನಕದ ಮಿತಿ 35. ಕಾರ್ಖಾನೆಯವರು ನಿಮಗೆ ಬೇಕಾದ ಬೂದಿಯನ್ನು ಆಗಲೇ ಹಾಕಿ, ಅರೆದು, ಪರೀಕ್ಷೆ ಮಾಡಿ ಕೊಟ್ಟಿದ್ದಾರೆ. ಅದರ ಮೇಲೆ ಮತ್ತೆ ಹಾಕುವುದು ಸಕ್ಕರೆ ಹಾಕಿದ ಚಹಾಕ್ಕೆ ಇನ್ನೊಬ್ಬರು ಬಂದು ಸಕ್ಕರೆ ಹಾಕಿದಂತೆ. ಇದನ್ನು ಹೇಳಿದಾಗ ಮಾಮು ನಕ್ಕು, ಚೀಲ ತಂದು ಬೆಳಕಿಗೆ ಹಿಡಿದು ಆ ಸಣ್ಣ ಅಕ್ಷರ ನೋಡಿದರು. ಇಪ್ಪತ್ತು ವರ್ಷದಿಂದ ಚೀಲ ಹರಿಯುತ್ತಿದ್ದೇನೆ, ಇದನ್ನು ಓದಿರಲಿಲ್ಲ ಎಂದರು. ಬಾಂಡ್ಲಿಯ ಅಳತೆಯ ವಿಷಯವೂ ಆಗ ಬಂತು. ಮಾನಕದ ಶೇಕಡಾ ತೂಕದ್ದು, ಬಾಂಡ್ಲಿಯದು ಗಾತ್ರದ್ದು. ಬೂದಿ ಸಾಮಾನ್ಯವಾಗಿ ಸಿಮೆಂಟಿಗಿಂತ ಹಗುರ. ಹಾಗಾಗಿ ಒಂದು ಬಾಂಡ್ಲಿ ಬದಲು ಒಂದು ಬಾಂಡ್ಲಿ ಎಂಬ ಲೆಕ್ಕ ತೂಕಕ್ಕೆ ಸರಿಹೊಂದುವುದಿಲ್ಲ. ಇದು ಮಾತ್ರ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಸೈನ್ಸ್ ವಿಭಾಗದ ಗೆಳೆಯರಿಗೆ ಈ ವಿಷಯದಲ್ಲಿ ಕೆಲಸ ಇದೆ. ಲವಣ ವಿಶ್ಲೇಷಣೆಯ ಪ್ರಾಕ್ಟಿಕಲ್‌ನಲ್ಲಿ ನೀವು ಮಾಡುವ ಪರೀಕ್ಷೆಗಳೇ ಸಾಕು. ಬೂದಿಯನ್ನು ಶುದ್ಧ ನೀರಿನಲ್ಲಿ ಕಲಕಿ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ಸಿಲ್ವರ್ ನೈಟ್ರೇಟ್ ಬೆರೆಸಿದಾಗ ಮೊಸರಿನಂಥ ಬಿಳಿ ಒತ್ತರ ಬಂದು ಅದು ಅಮೋನಿಯಾದಲ್ಲಿ ಕರಗಿದರೆ ಕ್ಲೋರೈಡ್ ಇದೆ. ಸೀಸಕ್ಕೆ ಪೊಟ್ಯಾಸಿಯಂ ಕ್ರೋಮೇಟಿನ ಹಳದಿ ಒತ್ತರ. ಸುಣ್ಣದ ತಿಳಿಯಲ್ಲಿ ಬೂದಿ ಹಾಕಿ ಬಿಟ್ಟಾಗ ಗುಳ್ಳೆ ಏಳುತ್ತಿದ್ದರೆ ಅಲ್ಯೂಮಿನಿಯಂ ಇರಬಹುದು. ಏಳುವುದು ಹೈಡ್ರೋಜನ್ ಆದ್ದರಿಂದ ಹತ್ತಿರ ಬೆಂಕಿ ಇಟ್ಟುಕೊಳ್ಳಬೇಡಿ, ಬಾಟಲಿಯ ಮುಚ್ಚಳ ಬಿಗಿಯಬೇಡಿ, ಕೈಗವಸು ಹಾಕಿ, ಲೆಕ್ಚರರ್ ಇರುವಾಗಲೇ ಮಾಡಿ. ಬೂದಿಯನ್ನು ಬೇಡ ಎನ್ನಲು ಈ ಪರೀಕ್ಷೆಗಳು ಸಾಕು. ಬೇಕು ಎನ್ನಲು ಸಾಲವು.

ಬೇಕು ಎನ್ನಲು ಘನಗಳ ಪರೀಕ್ಷೆ ಬೇಕು. ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳ ಪ್ರಯೋಗಾಲಯದಲ್ಲಿ 70.6 ಮಿ.ಮೀ. ಬದಿಯ ಅಚ್ಚುಗಳಿರುತ್ತವೆ. ಒಂದು ಘನಕ್ಕೆ 200 ಗ್ರಾಂ ಸಿಮೆಂಟ್, 600 ಗ್ರಾಂ ಗುಣಮಟ್ಟ ಗೊತ್ತಿರುವ ಮರಳು. ನೀರಿನಲ್ಲಿಟ್ಟು 3, 7 ಮತ್ತು 28ನೇ ದಿನ ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. 43 ದರ್ಜೆಯ ಸಿಮೆಂಟಿನ ಘನ, ನಮ್ಮ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, 28ನೇ ದಿನ 21 ಟನ್‌ಗೂ ಹೆಚ್ಚು ಭಾರ ಹೊರಬೇಕು! ಬೂದಿ ಬೆರೆಸಿದ ಘನ ಬೆರೆಸದ ಘನದ ಶೇ. 80ರಷ್ಟಾದರೂ ತಾಳಬೇಕು ಎಂಬುದು ಕಲ್ಲಿದ್ದಲಿನ ಹಾರುಬೂದಿಗೆ ಇರುವ ಷರತ್ತು. ಇಲ್ಲಿ ಮೂರನೇ ದಿನದ ಫಲಿತಾಂಶ ನೋಡಿ ಬೇಸರ ಪಡಬಾರದು, ಪೊಜೊಲಾನಾ ನಿಧಾನದ ಪ್ರಾಣಿ. ಸುಣ್ಣ ಹುಟ್ಟಿದ ಮೇಲೆ ತಾನೇ ಅದಕ್ಕೆ ಕೆಲಸ.

ನಮ್ಮ ಜಿಲ್ಲೆಯಲ್ಲೇ ಈ ಪರೀಕ್ಷೆಗೆ ಯೋಗ್ಯವಾದ ಬೂದಿ ಇಲ್ಲವೇ ಎಂದರೆ, ಇದೆ. ಅಕ್ಕಿ ಗಿರಣಿಗಳ ಭತ್ತದ ಹೊಟ್ಟಿನ ಬೂದಿಯಲ್ಲಿ ಶೇ. 85ಕ್ಕೂ ಹೆಚ್ಚು ಸಿಲಿಕಾ ಇರಬಲ್ಲದು. ಸುಮಾರು 600ರಿಂದ 700 ಡಿಗ್ರಿ ಶಾಖದಲ್ಲಿ ಹದವಾಗಿ ಸುಟ್ಟಿದ್ದರೆ ಅದು ಒಳ್ಳೆಯ ಪೊಜೊಲಾನಾ. ಗಿರಣಿ ಬಾಯ್ಲರಿನಲ್ಲಿ ಮನಬಂದಂತೆ ಸುಟ್ಟು ಕಪ್ಪಗೆ ಉಳಿದದ್ದರಲ್ಲಿ ಇಂಗಾಲ ಹೆಚ್ಚು, ಅದು ನೀರು ಕುಡಿಯುತ್ತದೆ. ಕೊಳ್ಳೇಗಾಲ ಸೀಮೆಯ ಕುಂತೂರಿನಂಥ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿದ ಬೂದಿ ಬರುತ್ತದೆ. ಇವೆರಡೂ ಒಂದೇ ಬೆಳೆಯ ಬೂದಿ, ಪ್ಲಾಸ್ಟಿಕ್ ಇಲ್ಲ, ಬ್ಯಾಟರಿ ಇಲ್ಲ. ಪ್ರಾಜೆಕ್ಟ್ ಮಾಡುವವರು ಕಸದ ಬೂದಿಯ ಹಿಂದೆ ಹೋಗುವ ಮೊದಲು ಇವುಗಳಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ದಾದಿ ಪಾತ್ರೆ ತಿಕ್ಕಲು ಇಡುವ ಸೌದೆ ಒಲೆಯ ಬೂದಿ ಮಾತ್ರ ಇದಕ್ಕೆ ಬರುವುದಿಲ್ಲ. ಅದರಲ್ಲಿ ಸಿಲಿಕಾ ಕಡಿಮೆ, ಕ್ಷಾರ ಜಾಸ್ತಿ. ಪಾತ್ರೆಗೆ ಅದೇ ಚೆನ್ನ.

ಯಾವ ಬೂದಿಯಾದರೂ, ಪಿಪಿಸಿಯೇ ಆದರೂ, ನೀರು ಉಣಿಸುವ ದಿನಗಳನ್ನು ಕಡಿಮೆ ಮಾಡಬಾರದು. ಐಎಸ್ 456 ಕಾಂಕ್ರೀಟಿಗೆ ಸಾದಾ ಸಿಮೆಂಟ್ ಆದರೆ ಕನಿಷ್ಠ 7 ದಿನ, ಬೂದಿ ಸೇರಿದ್ದಾದರೆ ಕನಿಷ್ಠ 10 ದಿನ ಎನ್ನುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ನೀರನ್ನು ಟ್ಯಾಂಕರಿನಲ್ಲಿ ಕೊಂಡು ಕಟ್ಟಡ ಕಟ್ಟುತ್ತಾರೆ, ಆಗ ಮೊದಲು ಕಡಿತವಾಗುವುದು ಆ ಕೊನೆಯ ಮೂರು ದಿನ. ಬೂದಿ ಸುಣ್ಣದ ಜೊತೆ ಕೂಡಲು ಶುರು ಮಾಡುವುದೂ ಹೆಚ್ಚುಕಡಿಮೆ ಆ ದಿನಗಳಲ್ಲೇ. ಮಾಮು ಈಗ ಮನೆಯವರಿಗೆ ಹಳೆಯ ಗೋಣಿಚೀಲ ಹೊದಿಸಿ ಬೆಳಿಗ್ಗೆ ಸಂಜೆ ಎರಡೇ ಸಲ ನೀರು ಹಾಕಿ, ಆದರೆ ಹತ್ತು ದಿನ ಹಾಕಿ ಎನ್ನುತ್ತಾರೆ.